ತಕ್ಕಡಿಯ ಮುಳ್ಳು

ಮನುಷ್ಯನನ್ನು ಅಂಜಿಸಲು ಹುಲಿ ಕರಡಿಗಳೇ ಬೇಕೆಂದಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ‘ಎಕ್ಸ್’ ಎಂಬ ಒಂದು ಅಕ್ಷರವೇ ಸಾಕು. ಯಲಹಂಕದ ಮನೆಯೊಂದರ ಹುಡುಗಿ ಆ ಅಕ್ಷರದ ಕಾಟದಿಂದ ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಗಣಿತದ ಉತ್ತರಪತ್ರಿಕೆಗೆ ಹಿರಿಯರ ರುಜು ಬೇಕಾಗಿತ್ತು. ತಂದೆಗೆ ತೋರಿಸುವ ಧೈರ್ಯವಿಲ್ಲ. ತಾತನಾದರೋ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, ಯಶವಂತಪುರದ ಮಂಡಿಯಲ್ಲಿ ಲೆಕ್ಕ ಬರೆದು ಆಯುಷ್ಯ ಸವೆಸಿದವರು. ಬೀಜಗಣಿತ ಅವರಿಗೆ ತಿಳಿಯದು. ಆದುದರಿಂದ ಏನನ್ನೂ ಕೇಳದೆ ರುಜು ಹಾಕುವರೆಂಬುದು ಆಕೆಯ ಎಣಿಕೆ.

ತಾತ ಕನ್ನಡಕವೇರಿಸಿಕೊಂಡು ಹಾಳೆಯನ್ನು ನೋಡಿದರು.

5 ಎಕ್ಸ್ + 3 = 2 ಎಕ್ಸ್ + 18

“ಎಕ್ಸ್ ಎಂದರೇನು, ಪುಟ್ಟಿ?”

“ಗೊತ್ತಿಲ್ಲದ ಸಂಖ್ಯೆ, ತಾತ.”

“ಹಾಗಾದರೆ ತೂಕ ತಿಳಿಯದ ಚೀಲ ಅನ್ನು. ಈ ಎರಡು ಗೀಟು ತಕ್ಕಡಿಯ ಮುಳ್ಳು. ಒಂದು ತಟ್ಟೆಯಲ್ಲಿ ಐದು ಚೀಲ, ಮೂರು ಕಿಲೋ. ಇನ್ನೊಂದರಲ್ಲಿ ಅಂಥವೇ ಎರಡು ಚೀಲ, ಹದಿನೆಂಟು ಕಿಲೋ. ನಿನ್ನ ಉತ್ತರ ಏಳೋ? ಹಾಕಿ ನೋಡೋಣ.”

ಎಡಗಡೆ ಮೂವತ್ತೆಂಟಾಯಿತು, ಬಲಗಡೆ ಮೂವತ್ತೆರಡು. ಮುಳ್ಳು ನಿಲ್ಲಲಿಲ್ಲ.

“ಆಚೆ ಹೋದರೆ ಚಿಹ್ನೆ ಬದಲಾಗತ್ತೆ ಅಂತ ಮಿಸ್ ಹೇಳಿದ್ದರು. ಮೂರಕ್ಕೆ ಬದಲಾಯಿಸೋದು ಮರೆತೆ” ಎಂದಳು ಹುಡುಗಿ, ತಲೆ ತಗ್ಗಿಸಿ.

“ಆಚೆಗೆ ಯಾವುದೂ ಹೋಗೋದಿಲ್ಲ, ಮಗು. ಈ ತಟ್ಟೆಯಿಂದ ತೆಗೆದಷ್ಟನ್ನೇ ಆ ತಟ್ಟೆಯಿಂದಲೂ ತೆಗೆಯಬೇಕು. ಅಷ್ಟೇ ನ್ಯಾಯ.”

ಎರಡೆರಡು ಚೀಲಗಳನ್ನು ಎರಡೂ ಕಡೆಯಿಂದ ಇಳಿಸಿದರು. ಮೂರು ಮೂರು ಕಿಲೋಗಳನ್ನೂ ಇಳಿಸಿದರು. ಉಳಿದದ್ದು ಮೂರು ಚೀಲಕ್ಕೆ ಹದಿನೈದು ಕಿಲೋ. ಒಂದು ಚೀಲಕ್ಕೆ ಐದು. ಹುಡುಗಿ ತಾನೇ ಐದನ್ನು ಹಾಕಿ ನೋಡಿದಳು: ಇತ್ತ ಇಪ್ಪತ್ತೆಂಟು, ಅತ್ತಲೂ ಇಪ್ಪತ್ತೆಂಟು. ಚಿಹ್ನೆ ಬದಲಾಗುವುದೆಂಬ ಸೂತ್ರದ ಹಿಂದೆ ಇಂಥದೊಂದು ಕಾರಣವಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ಕನ್ನಡನಾಡಿಗೆ ಈ ವಿದ್ಯೆ ಹೊಸತೇನಲ್ಲ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಹಿಂಡಿನ ಇಂತಿಷ್ಟು ಭಾಗ ಅಲ್ಲಿ, ಇಂತಿಷ್ಟು ಭಾಗ ಇಲ್ಲಿ, ಉಳಿದವು ಇಷ್ಟು. ಒಟ್ಟು ಆನೆಗಳೆಷ್ಟು ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ತಿಳಿಯದುದಕ್ಕೆ ನಮ್ಮ ಹಿಂದಿನವರು ಇಟ್ಟ ಹೆಸರು ‘ಅವ್ಯಕ್ತ’. ಅವ್ಯಕ್ತವೆಂದರೆ ಇಲ್ಲದ್ದಲ್ಲ; ಇನ್ನೂ ಕಾಣಿಸಿಕೊಳ್ಳದ್ದು. ಅದಕ್ಕೊಂದು ಹೆಸರಿಟ್ಟು, ತಿಳಿದುದರ ಪಕ್ಕದಲ್ಲಿ ಕೂರಿಸಿ, ಎರಡೂ ಕಡೆಗೆ ಸಮನಾಗಿ ನಡೆದುಕೊಂಡರೆ ಅದು ತಾನಾಗಿಯೇ ಹೊರಬರುತ್ತದೆ.

ತಾತ ಲೇಖನಿಯನ್ನು ಮುಟ್ಟದೆ ಹಾಳೆಯನ್ನು ಹಿಂದಕ್ಕೆ ಕೊಟ್ಟರು.

“ರುಜು ಅಪ್ಪ ಹಾಕಲಿ. ತಪ್ಪನ್ನೂ ತೋರಿಸು, ತಿದ್ದಿದ್ದನ್ನೂ ತೋರಿಸು. ಒಂದನ್ನೇ ತೋರಿಸಿದರೆ ಮುಳ್ಳು ನಿಲ್ಲೋದಿಲ್ಲ.”

ಹೆಬ್ಬಾಳದ ವಾಹನಸಂದಣಿಯಲ್ಲಿ ಸಿಕ್ಕಿ ತಂದೆ ಮನೆ ಸೇರಿದಾಗ ರಾತ್ರಿ ಒಂಬತ್ತಾಗಿತ್ತು. ಹುಡುಗಿ ಬಾಗಿಲಲ್ಲಿಯೇ ಹಾಳೆಯನ್ನು ಮುಂದೊಡ್ಡಿ ನಿಂತಳು. ಅವರು ಕೆಂಪು ಸೊನ್ನೆಯನ್ನು ನೋಡಿದರು; ಅದರ ಕೆಳಗಿನ ಹೊಸ ಬರಹವನ್ನೂ ನಿಧಾನವಾಗಿ ಓದಿದರು.

“ಯಾರಮ್ಮ ಹೇಳಿಕೊಟ್ಟದ್ದು?”

“ತಾತ.”

ತಂದೆ ಆಶ್ಚರ್ಯದಿಂದ ಒಳಗಿನ ಕೋಣೆಯತ್ತ ನೋಡಿ, ರುಜು ಹಾಕಿದರು. ಅಲ್ಲಿಂದ ದನಿಯೊಂದು ಕೇಳಿಬಂತು:

“ಪುಟ್ಟೀ, ನಾಳೆಗೆ ಇನ್ನೊಂದು ಲೆಕ್ಕ ತೆಗೆದಿಟ್ಟಿರು.”