ಚೀತ್ ಆದವರು ಯಾರು?

ಗುದ್ದಾಟ ನೋಡಲಿಕ್ಕೆ ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಯಾರೂ ಟಿಕೀಟು ತೆಗೆಸಿದವರಲ್ಲ. ಕಬ್ಬಿಗೆ ನೀರು ಹಾಯಿಸುವ ಪಾಳಿ ಬಂದಾಗ ಹೊಲದ ಬದುವಿನ ಮೇಲೆ ಅದು ಪುಕ್ಕಟೆ ಸಿಗುತ್ತಿತ್ತು. ರೊಕ್ಕ ಕೊಟ್ಟು ನೋಡುವುದೆಂದರೆ ಕುಸ್ತಿ. ಹೀಗಾಗಿ ಬಾಕ್ಸಿಂಗ್ ಚರಿತ್ರೆಯ ಅತಿ ದೊಡ್ಡ ಪಲ್ಟಿ, ಅಂದರೆ ಯಾರೂ ಎಣಿಸದ ಸೋಲು-ಗೆಲುವು, ಯಾವುದು ಎಂದು ನಿಪ್ಪಾಣಿಯ ಚಹಾದಂಗಡಿಯಲ್ಲಿ ಕೇಳಿ ನೋಡಿ. ನಾಲ್ಕು ಮಂದಿ ನಾಲ್ಕು ಉತ್ತರ ಹೇಳುತ್ತಾರೆ, ನಾಲ್ಕೂ ಕುಸ್ತಿಯವೇ.

ನನ್ನ ಸೋದರಮಾವ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. ತಂಬಾಕಿನ ವಖಾರಿಯಲ್ಲಿ ಲೆಕ್ಕ ಬರೆಯುವುದು ಅವನ ಕೆಲಸ. ಹರೆಯದಲ್ಲಿ ಕೆಲವು ತಿಂಗಳು ತಾಲೀಮಿಗೆ ಹೋಗಿ ಮಣ್ಣು ಹಚ್ಚಿಕೊಂಡಿದ್ದ. ಅದರ ಗುರುತಾಗಿ ಎಡಗಿವಿಯ ಅಂಚು ಮುದುಡಿಕೊಂಡಿತ್ತು. ವಾದ ಕಾವೇರಿದಾಗ ಗಾಂಧಿ ಟೋಪಿಯನ್ನು ತುಸು ಮೇಲೆ ಸರಿಸಿ ಆ ಕಿವಿ ತೋರಿಸುತ್ತಿದ್ದ. ಪದವಿ ಓದಿದವರೂ ಅದರ ಮುಂದೆ ಬಾಯಿ ಮುಚ್ಚಬೇಕಾಗುತ್ತಿತ್ತು.

ಅವನಿಗೆ ಮೈಕ್ ಟೈಸನ್ ಕಥೆ ಹೇಳಿದವನು ನಾನೇ. 37 ಪಂದ್ಯ ಆಡಿ 37ನ್ನೂ ಗೆದ್ದ ಟೈಸನ್, 1990ರ ಫೆಬ್ರುವರಿ 11ರಂದು ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಎಂಬವನ ಎದುರು ಇಳಿದ. ಲಾಸ್ ವೇಗಸ್ಸಿನ ಹೆಚ್ಚಿನ ಕ್ಯಾಸಿನೋಗಳು ಆ ಪಂದ್ಯಕ್ಕೆ ಬಾಜಿ ಕಟ್ಟಿಸಿಕೊಳ್ಳಲೇ ಇಲ್ಲ. ಗೆಲ್ಲುವವನು ಯಾರೆಂದು ಊರಿಗೆಲ್ಲ ಗೊತ್ತಿರುವಾಗ ಎಂಥ ಬಾಜಿ? ಮಿರಾಜ್ ಎಂಬ ಕ್ಯಾಸಿನೋದಲ್ಲಿ ಮಾತ್ರ 42ಕ್ಕೆ 1 ಎಂಬ ಭಾವ ನಡೆದಿತ್ತು.

ಮಾವ ಚಹಾದ ಕಪ್ಪು ಕೆಳಗಿಟ್ಟ. ‘ಮಿರಜ್‌ನ್ಯಾಗ? ಕಾಗವಾಡ ದಾಟಿದ್ರ ಮಿರಜ್. ಇಷ್ಟ ಹತ್ರ ಬಾಜಿ ನಡದೈತಿ, ಒಬ್ಬರರೆ ನಮಗ ಹೇಳಬಾರದೇನೋ?’

ಅದು ಬೇರೆ ಮಿರಾಜ್ ಎಂದು ತಿಳಿಸಿ ಹೇಳಿ ಕಥೆ ಮುಂದುವರಿಸಿದೆ. ಪಂದ್ಯಕ್ಕೆ ಮೂರು ವಾರ ಇದೆ ಎನ್ನುವಾಗ ಡಗ್ಲಸ್‌ನ ತಾಯಿ ತೀರಿಕೊಂಡಿದ್ದಳು. ಎಂಟನೇ ಸುತ್ತಿನಲ್ಲಿ ಅವನೇ ನೆಲಕ್ಕೆ ಬಿದ್ದ, ಎದ್ದ. ಹತ್ತನೇ ಸುತ್ತಿನಲ್ಲಿ ಟೈಸನ್ ಬಿದ್ದ. ತನ್ನ ವೃತ್ತಿಜೀವನದಲ್ಲೇ ಎಂದೂ ಬೀಳದಿದ್ದವನು ಮೊಣಕಾಲೂರಿ, ಬಾಯಿಂದ ಕಳಚಿಬಿದ್ದ ಹಲ್ಲುಗಾಪನ್ನು ನೆಲದ ಮೇಲೆ ತಡಕಾಡಿದ. ಸಿಕ್ಕಿದ್ದನ್ನು ಸೊಟ್ಟಗೆ ಕಚ್ಚಿಕೊಂಡು ಏಳಲು ನೋಡಿದ. ಅಷ್ಟರಲ್ಲಿ ಎಣಿಕೆ ಮುಗಿದಿತ್ತು.

ಮಾವ ಬಹಳ ಹೊತ್ತು ಸುಮ್ಮನಿದ್ದ. ತಾಯಿಯ ಸಂಗತಿ ಅವನಿಗೆ ನಾಟಿತ್ತು. ಆಮೇಲೆ ತೀರ್ಪು ಬಂತು: ‘ತಮ್ಮಾ, ಇದರಾಗ ಡಗ್ಲಸ್‌ಂದು ಪಲ್ಟಿ ಏನೂ ಇಲ್ಲ. ಗೆಲ್ಲತೇನಂತ ಅಂವಗ ಗೊತ್ತಿತ್ತು. ಚೀತ್ ಆದಾಂವ ಬಾಜಿ ಕಟ್ಟಿಸ್ಕೊಳ್ಳಲಾರದಾಂವ.’ ಚೀತ್ ಆಗುವುದೆಂದರೆ ಬೆನ್ನು ಮಣ್ಣಿಗೆ ಹತ್ತಿ ಸೋಲುವುದು.

ಈ ತೀರ್ಪನ್ನು ನಮ್ಮ ಕಡೆಯ ಕುಸ್ತಿಗೆ ಹಚ್ಚಿ ನೋಡಿದರೆ ಇನ್ನೂ ರುಚಿ. ಚಿಕ್ಕೋಡಿ ತಾಲೂಕಿನ ಯಕ್ಸಂಬಾ ದೂಧಗಂಗೆಯ ದಂಡೆಯ ಊರು. ಅಲ್ಲಿಯ ಶ್ರೀಪತಿ ಖಂಚನಾಳೆ ಕೊಲ್ಲಾಪುರದಲ್ಲಿ ಮೈ ಹುರಿಗೊಳಿಸಿಕೊಂಡು, 1959ರಲ್ಲಿ ದಿಲ್ಲಿಗೆ ಹೋಗಿ ಪಂಜಾಬಿನ ಬಂತಾ ಸಿಂಗನನ್ನು ಕೆಡವಿ ಮೊಟ್ಟಮೊದಲ ಹಿಂದ್ ಕೇಸರಿಯಾದರು. ರುಸ್ತುಮ್-ಎ-ಪಂಜಾಬ್ ಎನಿಸಿಕೊಂಡವನ ಎದುರು, ಜೋಳದ ರೊಟ್ಟಿಯ ಸೀಮೆಯಿಂದ ಬಂದ ಪೈಲ್ವಾನ! ದಿಲ್ಲಿಯ ಮಂದಿಗೆ ಅದು ಪಲ್ಟಿಯಾಗಿ ಕಂಡಿರಬಹುದು. ಯಕ್ಸಂಬಾದ ಕಟ್ಟೆಯ ಮೇಲೆ ಈ ಮಾತು ಆಡಿದರೆ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ‘ನಮ್ಮ ಶ್ರೀಪತಿ ಗೆದ್ರ ಅದು ಪಲ್ಟಿ ಹ್ಯಾಂಗ ಆಕ್ಕೈತ್ರಿ?’ ಒಂದೇ ಕುಸ್ತಿ, ಒಂದು ಊರಿಗೆ ಸೋಜಿಗ, ಇನ್ನೊಂದು ಊರಿಗೆ ಬರೀ ವರದಿ. ಖಂಚನಾಳೆ 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡಾಗ ಗಡಿಯ ಎರಡೂ ಬದಿಯವರು ‘ನಮ್ಮವರು’ ಎಂದರು. ಗಡಿ ತಂಟೆಯ ನಾಡಿನಲ್ಲಿ ಇದೂ ಒಂದು ಪಲ್ಟಿಯೇ.

ನಮ್ಮ ಜಾತ್ರೆಯ ಕುಸ್ತಿಗಳಲ್ಲಿ ಪಲ್ಟಿ ಬಹಳ ತುಟ್ಟಿ. ಅಥಣಿ, ರಾಯಬಾಗ ಕಡೆ ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಒಂದನೇ ನಂಬರಿನ ಜೋಡಿಯ ಫೋಟೊ ತಾಟಿನಷ್ಟು ದೊಡ್ಡದಿರುತ್ತದೆ. ಹರಿಯಾಣದವನೊಬ್ಬ, ಕೊಲ್ಲಾಪುರದವನೊಬ್ಬ. ಎಣ್ಣೆ, ಮಜ್ಜಿಗೆ, ಲಿಂಬೆಹಣ್ಣು, ಅರಿಶಿನ ಕುಡಿದು ಹದವಾದ ಕೆಂಪು ಮಣ್ಣಿನಲ್ಲಿ ಇಬ್ಬರೂ ಇಳಿಯುತ್ತಾರೆ. ಹಲಗಿ ಜೋರಾಗುತ್ತದೆ. ಮೈಕಿನವನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಇಬ್ಬರ ವಂಶಾವಳಿಯನ್ನೂ ಹಾಲು-ತುಪ್ಪ-ಬದಾಮಿಯ ಖುರಾಕಿನ ಲೆಕ್ಕವನ್ನೂ ಒಪ್ಪಿಸುತ್ತಾನೆ. ಕುತ್ತಿಗೆಗೆ ಕುತ್ತಿಗೆ ಹಚ್ಚಿ, ಹಣೆಗೆ ಹಣೆ ಒತ್ತಿ ನಿಂತವರು ನಿಂತೇ ಇರುತ್ತಾರೆ. ‘ನಿಕಾಲಿ ಆಗಲಿ!’ ಎಂದು ಮಂದಿ ಕೂಗಿ ದಣಿದ ಮೇಲೆ ಪಂಚರು ಬಂದು ಇಬ್ಬರ ಕೈಯನ್ನೂ ಮೇಲೆತ್ತುತ್ತಾರೆ: ಬರಾಬರಿ! ಯಾರ ಹೆಸರೂ ಕೆಡಲಿಲ್ಲ, ಮುಂದಿನ ವರ್ಷದ ಪೋಸ್ಟರಿಗೂ ತೊಂದರೆಯಿಲ್ಲ. ಮಂದಿ ಮಾತ್ರ ಧೋತರದ ಧೂಳು ಕೊಡವಿಕೊಂಡು, ಪಂಚರ ಮನೆತನವನ್ನು ನೆನೆಯುತ್ತ ಎದ್ದು ಹೋಗುತ್ತಾರೆ.

ಆದ್ದರಿಂದಲೇ ಬೆಳಗಾವಿಯ 1977ರ ಕುಸ್ತಿಯನ್ನು ಮಾವನ ಓರಗೆಯವರು ಸಾಯುವ ತನಕ ಹೇಳಿಕೊಂಡರು. ಒಂದು ಕಡೆ ದಿಲ್ಲಿಯ ಸತ್ಪಾಲ್, ಗುರು ಹನುಮಾನ್ ಅವರ ಶಿಷ್ಯ. ಮುಂದೆ 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು, ಸುಶೀಲ್ ಕುಮಾರರಿಗೆ ಗುರುವಾದವರು. ಇನ್ನೊಂದು ಕಡೆ ಲಾತೂರ ಸೀಮೆಯ ಹರಿಶ್ಚಂದ್ರ ಬಿರಾಜದಾರ, 1970ರ ಕಾಮನ್‌ವೆಲ್ತ್ ಕೂಟದ ಚಿನ್ನದ ಪದಕದವರು. ಅಲ್ಲಿ ಬರಾಬರಿ ಆಗಲಿಲ್ಲ. ಸತ್ಪಾಲ್ ಚೀತ್ ಆದರು. ಮಾವ ಆ ಕುಸ್ತಿಯನ್ನು ಕಣ್ಣಾರೆ ಕಂಡಿದ್ದನೋ ಇಲ್ಲವೋ ಎಂದು ಮನೆಯಲ್ಲಿ ಅತ್ತೆಗೆ ಗುಮಾನಿಯಿತ್ತು. ಅವನ ವರ್ಣನೆಯಲ್ಲಿ ಮಾತ್ರ ವರ್ಷಕ್ಕೊಮ್ಮೆ ಮೈದಾನ ದೊಡ್ಡದಾಗುತ್ತಿತ್ತು, ಅವನು ಕುಳಿತ ಜಾಗ ಹೌದಕ್ಕೆ, ಅಂದರೆ ಕುಸ್ತಿಯ ಕಣಕ್ಕೆ, ಹತ್ತಿರವಾಗುತ್ತಿತ್ತು. ಕಡೆಕಡೆಗೆ ಬಿರಾಜದಾರರ ಮೈಯ ಮಣ್ಣು ಇವನ ಅಂಗಿಗೇ ಸಿಡಿಯುತ್ತಿತ್ತು.

ಮಾವ ಈಗಿಲ್ಲ. ಇದ್ದಿದ್ದರೆ 2019ರ ಜೂನ್ 1ರ ನ್ಯೂಯಾರ್ಕಿನ ಪಂದ್ಯವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದೆ. ಶಿಲ್ಪದಂಥ ಮೈಯ ಆಂಥನಿ ಜೋಶುವಾ. ಎದುರಿಗೆ ಬೇರೊಬ್ಬನ ಬದಲಿಗೆ ಕೊನೆಗಳಿಗೆಯಲ್ಲಿ ಬಂದ, ಹೊಟ್ಟೆ ಕುಣಿಸುವ ಆಂಡಿ ರೂಯಿಸ್. ಏಳನೇ ಸುತ್ತಿಗೆ ಜೋಶುವಾ ನಾಲ್ಕು ಸಲ ಬಿದ್ದಾಗಿತ್ತು. ಹೊಟ್ಟೆ ಇದ್ದವನು ಗೆದ್ದದ್ದನ್ನು ಮಾವ ಅತ್ತೆಗೆ ಕರೆದು ತೋರಿಸುತ್ತಿದ್ದ.

ಈಗ ಆ ಕಿವಿಯಿಲ್ಲದೆ ನಾನೇ ತೀರ್ಪು ಹೇಳಬೇಕು. ಪಲ್ಟಿ ದೊಡ್ಡದಾಗಲು ಸೋತವನು ನಿಜವಾಗಿ ದೊಡ್ಡವನಿರಬೇಕು. ಜಾರಿ ಬಿದ್ದವನ ಸೋಲು ಲೆಕ್ಕಕ್ಕಿಲ್ಲ. ಗೆದ್ದವನು ಆ ದಿನವಾದರೂ ಅವನಿಗಿಂತ ಚೆನ್ನಾಗಿ ಆಡಿರಬೇಕು. ಮೇಲಾಗಿ, ನೋಡುವವರು ಆಟಕ್ಕೆ ಮೊದಲೇ ಫಲಿತಾಂಶ ಬರೆದಿಟ್ಟಿರಬೇಕು. 1964ರಲ್ಲಿ ಸನ್ನಿ ಲಿಸ್ಟನ್ನನ್ನು ಸೋಲಿಸಿದ ಕ್ಯಾಸಿಯಸ್ ಕ್ಲೇ, ಅಂದರೆ ಮುಂದೆ ಮುಹಮ್ಮದ್ ಅಲಿ ಆದವನು, ಏಳಕ್ಕೆ ಒಂದರ ಭಾವದಲ್ಲಿದ್ದ. ಅಷ್ಟಾದರೂ ನಂಬಿಕೆ ಅವನ ಪಾಲಿಗಿತ್ತು. ಡಗ್ಲಸ್‌ನ ಪಾಲಿಗೆ ಅಂಗಡಿಯೇ ಬಾಗಿಲು ಹಾಕಿತ್ತು. 1990ರ ಅಕ್ಟೋಬರಿನಲ್ಲೇ ಇವ್ಯಾಂಡರ್ ಹೋಲಿಫೀಲ್ಡ್ ಮೂರೇ ಸುತ್ತಿನಲ್ಲಿ ಅವನನ್ನು ಮಲಗಿಸಿದ, ನಿಜ. ಆದರೂ ಬಾಕ್ಸಿಂಗಿನ ಅತಿ ದೊಡ್ಡ ಪಲ್ಟಿ ಟೋಕಿಯೋದ್ದೇ.

ಓದುಗರಿಗೆ ಒಂದೇ ಮಾತು. ಜಾತ್ರೆಯ ಕುಸ್ತಿಗೆ ಸಂಜೆ ನಂಬರ್ ಒನ್ ಜೋಡಿ ಇಳಿಯುವ ಹೊತ್ತಿಗೆ ಹೋಗುವ ಚಾಳಿ ಬಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಚಿಕ್ಕ ಹುಡುಗರ ರೇವಡಿ ಕುಸ್ತಿ ನಡೆಯುತ್ತದೆ. ಆ ಹುಡುಗರ ಫೋಟೊ ಯಾವ ಪೋಸ್ಟರಿನಲ್ಲೂ ಇಲ್ಲ. ಯಾರು ಗೆಲ್ಲುತ್ತಾರೆಂದು ಪಂಚರಿಗೂ ಗೊತ್ತಿಲ್ಲ. ಹೋಗಿ ನೋಡಿ.