ಹಿಗ್ಗಿನ ಮೇಲೊಂದು ಕಣ್ಣು

ಖುಷಿಯಾದರೆ ನನಗೆ ಅದರ ಬೆನ್ನಿಗೇ ಅನುಮಾನ ಬರುತ್ತದೆ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ದಿನ ಓಣಿಗೆಲ್ಲ ಪೇಡೆ ಹಂಚಿ ಬಂದೆ. ರಾತ್ರಿ ಮಾತ್ರ, ಇದು ನನ್ನ ಸಂತೋಷವೋ ಕಾಯಿಲೆಯದೋ ಎಂದು ಹೊರಳಾಡಿದೆ. ಬೈಪೋಲಾರ್ ಇರುವ ನನ್ನಂಥವಳಿಗೆ ದುಃಖದ ಗುರುತು ಬೇಗ ಸಿಗುತ್ತದೆ. ಹಿಗ್ಗಿನದು ಸಿಗುವುದಿಲ್ಲ.

ಮೊದಲು ಡಾಕ್ಟರ ಹತ್ತಿರ ಕರೆದೊಯ್ದಾಗ ನನಗೆ ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುತ್ತಿರಲಿಲ್ಲ. ಖಿನ್ನತೆ ಎಂದು ಅದರ ಮಾತ್ರೆಯೊಂದನ್ನೇ ಬರೆದುಕೊಟ್ಟರು. ಅದಕ್ಕೂ ಮುಂಚೆ ಒಮ್ಮೆ ನಿದ್ದೆಯಿಲ್ಲದೆ ವಾರಗಟ್ಟಲೆ ಹುರುಪಿನಿಂದ ಓಡಾಡಿದ್ದನ್ನು ಅವರು ಕೇಳಲಿಲ್ಲ. ನಮಗೂ ಅದು ರೋಗವೆನಿಸಿರಲಿಲ್ಲ. ಬೈಪೋಲಾರ್ ಇದ್ದವರಿಗೆ ಆ ಮಾತ್ರೆ ಒಂದೇ ಕೊಟ್ಟರೆ ಕೆಲವರು ಉನ್ಮಾದಕ್ಕೆ ತಿರುಗುತ್ತಾರೆ. ನಾನು ತಿರುಗಿದೆ. ರಾತ್ರಿ ಎರಡಕ್ಕೆ ಎದ್ದು ಬೇಳೆ, ರವೆ, ಖಾರದಪುಡಿಯ ಡಬ್ಬಿಗಳನ್ನೆಲ್ಲ ಅಂಗಳದಲ್ಲಿ ಬರಿದು ಮಾಡಿ ತೊಳೆದೆ. ಬಂಗಾರ ಅಡವಿಟ್ಟು ಟ್ಯೂಷನ್ ಸೆಂಟರಿಗೆಂದು ಮಳಿಗೆ ಹಿಡಿದೆ. ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರನ್ನು ಮಕ್ಕಳೆದುರೇ ಬೈದೆ. ಅತ್ತೆ ನಿಂಬೆಹಣ್ಣು ಇಳಿಸಿ, "ಯಾವುದೋ ಗಾಳಿ ಬಡದೈತಿ" ಅಂದರು. ನನಗೋ, ಹುಟ್ಟಿದಾಗಿನಿಂದ ಅಷ್ಟು ಹಗುರ ಎಂದೂ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳ ನೆನಪು ಈಗಲೂ ಸಿಹಿ. ಮಾತ್ರೆ ಬಿಡಬೇಕೆನ್ನುವ ಆಸೆ ಹುಟ್ಟುವುದು ಅಲ್ಲಿಂದಲೇ.

ಈಗ ಮನಸ್ಸಿನ ಏರಿಳಿತ ಹಿಡಿದಿಡಲು ಲಿಥಿಯಂ ನುಂಗುತ್ತೇನೆ. ಅದೊಂದು ಲವಣ. ಬೆವರಿ ಮೈಯ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಇದು ಹುಡುಗಾಟದ ಮಾತಲ್ಲ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್‌ನ ಒಳಗಿರಬೇಕು, 1.5 ದಾಟಿದರೆ ವಿಷ ಏರುವ ಭಯ. 2024ರ ಮೇ ತಿಂಗಳಲ್ಲಿ ಲೋಕಸಭೆ ಚುನಾವಣೆಯ ಡ್ಯೂಟಿ ಮುಗಿಸಿ ಬಂದವಳಿಗೆ ಭೇದಿ ಹತ್ತಿತು. ಮರುದಿನ ಕಾಲು ತಡವರಿಸಿತು, ನಾಲಿಗೆ ತೊದಲಿತು. ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ನನ್ನ ಗಂಡ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ ಹೊತ್ತೊಯ್ದರು. ಕೈನಡುಕ ಮಾತ್ರ ಎಲ್ಲ ಸರಿಯಿದ್ದಾಗಲೂ ಇದ್ದದ್ದೇ. ಬೋರ್ಡಿನ ಮೇಲೆ ನನ್ನ 'ಕ್ಷ'ದ ಬಾಲ ಸೊಟ್ಟಗಾಗುತ್ತದೆ, ಮೂರನೇ ಕ್ಲಾಸಿನವರು ಅದನ್ನೂ ಹಾಗೇ ಕಾಪಿ ಮಾಡುತ್ತಾರೆ.

ನಿದ್ದೆಗೆಡುವುದು ನನ್ನ ಪಾಲಿಗೆ ರೋಗ ಬರುವ ದಾರಿ. ಶಿವರಾತ್ರಿಯ ಜಾಗರಣೆ ಬಿಟ್ಟಿದ್ದೇನೆ. "ನಿನ್ನ ಪಾಲಿಂದೂ ನಾನಾ ಮಾಡತೀನಿ, ನೀ ಮಕ್ಕೊ ಹೋಗವಾ" ಎನ್ನುತ್ತಾರೆ, ನಿಂಬೆಹಣ್ಣು ಇಳಿಸಿದ ಅದೇ ಅತ್ತೆ.

ಕಾಯಿಲೆ ಏರಿದಾಗ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ನೆಟ್ಟಗಿರುವಾಗಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ನಾನು ಬರೆದದ್ದು ತಂಗಿಯ ಹೆಸರನ್ನು. ಉನ್ಮಾದದಲ್ಲಿ ನಾನು ಹೆಚ್ಚು ಜಗಳವಾಡುವುದು ಗಂಡನ ಜೊತೆಗೇ. ಅವರು ಹೇಳಿದ್ದನ್ನಂತೂ ಆಗ ಕೇಳುವವಳಲ್ಲ. ಕಾರಣ ಹೇಳಿದಾಗ ಅವರು ಒಪ್ಪಿದರು. ಎರಡು ದಿನ ಮುಖ ಊದಿಸಿಕೊಂಡಿದ್ದರು, ಅಷ್ಟೇ.