ಮೂರನೆಯ ಬಾಣಂತನ

ನಮ್ಮ ಕಡೆ ಹೆಂಗಸಿಗೆ ಪಥ್ಯ ಅಂತ ಒಂದು ಸಿಗುವುದು ಬಾಣಂತನದಲ್ಲಿ ಮಾತ್ರ. ಆ ಮೂರು ತಿಂಗಳು ಅವಳು ಮನೆಗೆ ರಾಣಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತು ಹೊತ್ತಿಗೆ ಬಿಸಿ ಅನ್ನ, ಮೆಣಸಿನ ಸಾರು. ತಣ್ಣೀರು ಮುಟ್ಟುವಂತಿಲ್ಲ, ಭಾರ ಎತ್ತುವಂತಿಲ್ಲ. ಅದು ಮುಗಿಯಿತೆಂದರೆ ಮುಂದೆ ಕೈಕಾಲು ಆಡುವ ತನಕ ಅವಳು ಉಳಿದವರ ಪಥ್ಯ ನೋಡಿಕೊಳ್ಳುವವಳು. ಮಾವನವರಿಗೆ ಸಕ್ಕರೆ ಇಲ್ಲದ ಕಾಫಿ, ಗಂಡನಿಗೆ ಖಾರ ಕಡಿಮೆ ಸಾರು, ಮಗನಿಗೆ ಕೆನೆ ತೆಗೆದ ಹಾಲು... ಎಲ್ಲವೂ ಬಾಯಿಪಾಠ. ಅವಳದೇ ಪಥ್ಯ ಯಾವುದು ಅಂತ ಕೇಳಿ ನೋಡಿ, ನಕ್ಕುಬಿಡುತ್ತಾಳೆ.

ನನಗೆ ಎರಡು ಬಾಣಂತನ ಆಗಿದ್ದವು. ಮೂರನೆಯದು ಐವತ್ತೆರಡನೆಯ ವಯಸ್ಸಿನಲ್ಲಿ ಬಂತು. ಗಾಬರಿಯಾಗಬೇಡಿ, ಹೆರಿಗೆಯಲ್ಲ. ಹೃದಯಾಘಾತ.

2023ರ ಡಿಸೆಂಬರ್. ಅವರೆಕಾಯಿ ಸೊಗಡು ದಾಬಸ್‌ಪೇಟೆಯ ಬೀದಿ ತುಂಬ. ಸಂಜೆ ಹಿತಕಿದ ಬೇಳೆ ಸಾರಿಗೆಂದು ಕಾಳು ಹಿತಕುತ್ತ ಕೂತಿದ್ದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳಲಿಲ್ಲ. ಬೆನ್ನ ಮೇಲೆ ಯಾರೋ ರುಬ್ಬುಗುಂಡು ಇಟ್ಟ ಹಾಗೆ, ದವಡೆ ಜಗ್ಗಿದ ಹಾಗೆ, ಆ ಚಳಿಯಲ್ಲೂ ರವಿಕೆ ತೊಯ್ಯುವಷ್ಟು ಬೆವರು. ಗ್ಯಾಸ್ ಇರಬೇಕೆಂದು ಅತ್ತೆ ಓಮಿನ ಕಷಾಯ ಕಾಯಿಸಲು ಎದ್ದರು. ಎದುರುಮನೆಯ ಅಕ್ಕ ಸೋಡಾ ಕುಡಿಸಿ ಅಂದರು. ಆ ಹೊತ್ತಿಗೆ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ಮಗ ನನ್ನ ಮುಖ ನೋಡಿದವನೇ, ಕಷಾಯ ಆರುವುದಕ್ಕೂ ಬಿಡದೆ ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದ. ಇ.ಸಿ.ಜಿ. ಕಾಗದ ಹೊರಗೆ ಬರುತ್ತಿದ್ದ ಹಾಗೇ ಡಾಕ್ಟರ ಮುಖ ಬಿಗಿಯಿತು. ಆಸ್ಪಿರಿನ್ ಮಾತ್ರೆ ಕೊಟ್ಟು ಅಗಿಯಲು ಹೇಳಿದರು. ಆಮೇಲೆ ಆಂಬುಲೆನ್ಸ್, ಬೆಂಗಳೂರಿನ ತನಕ ಐವತ್ತು ಕಿಲೋಮೀಟರ್ ತುಮಕೂರು ರಸ್ತೆ, ನೆಲಮಂಗಲದ ನಂತರದ ಆ ಲಾರಿಗಳ ಸಾಲು. ಅದೇ ರಾತ್ರಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು.

ಹೆಂಗಸರಿಗೂ ಸಾಮಾನ್ಯವಾಗಿ ಎದೆನೋವೇ ಬರುತ್ತದಂತೆ. ಆದರೆ ಜೊತೆಗೆ ಉಬ್ಬಸ, ವಾಕರಿಕೆ, ಬೆನ್ನು-ದವಡೆಯ ನೋವು, ಕಾರಣವಿಲ್ಲದ ಸುಸ್ತು ಇವು ಗಂಡಸರಿಗಿಂತ ಹೆಚ್ಚು. ಇವೆಲ್ಲ ನಮಗೆ ದಿನನಿತ್ಯದ ನೆಂಟರು ತಾನೆ? ಅದಕ್ಕೇ ಗುರುತು ಹತ್ತುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ಊರಿನ ಗಂಡಸರೆಲ್ಲ ಹೃದಯ ತೋರಿಸಿಕೊಳ್ಳಲು ಜಯದೇವ ಆಸ್ಪತ್ರೆಗೆ ಓಡಿದ್ದು ನೆನಪಿದೆ. ನಮ್ಮ ಬೀದಿಯಿಂದ ಹೋದವರಲ್ಲಿ ಹೆಂಗಸು ಒಬ್ಬಳೂ ಇರಲಿಲ್ಲ. ಈಗ ಪುನೀತ್ ಹೆಸರಿನಲ್ಲೇ ಸರ್ಕಾರದ 'ಹೃದಯ ಜ್ಯೋತಿ' ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುಕ್ಕಟೆ ಕೊಡುವ ವ್ಯವಸ್ಥೆ ಅದು. ಒಳ್ಳೆಯ ಕೆಲಸ. ಆದರೆ ಅಲ್ಲಿಯ ತನಕ ಹೋಗಬೇಕಾದರೆ ಮೊದಲು ಓಮಿನ ಕಷಾಯ ದಾಟಬೇಕಲ್ಲ!

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಹೇಳಿದ ಮಾತು ಇದು: "ನೋಡಿಮ್ಮಾ, ಪೈಪಿನಲ್ಲಿ ಒಂದು ಕಡೆ ಕಟ್ಟಿದ್ದನ್ನ ಬಿಡಿಸಿದೀವಿ ಅಷ್ಟೆ. ಬೇರೆ ಕಡೆ ಕಟ್ಟದ ಹಾಗೆ ನೋಡ್ಕೊಳ್ಳೋದು ನಿಮ್ಮ ಮನೇಲಿ ಆಗಬೇಕು." ಮಾತ್ರೆಗಳ ಒಂದು ಪಟ್ಟಿ, ಆಹಾರದ ಒಂದು ಹಾಳೆ ಕೊಟ್ಟರು. ರಕ್ತ ತೆಳುಮಾಡುವ ಮಾತ್ರೆಗಳನ್ನು ತಮ್ಮನ್ನು ಕೇಳದೆ ಒಂದು ದಿನವೂ ಬಿಡಕೂಡದು, ಬಿಟ್ಟರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು ಅಂತ ಎರಡೆರಡು ಸಲ ಹೇಳಿದರು.

ಆ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ ದಿನದಿಂದ ನಿಜವಾದ ಕಥೆ ಶುರು.

ನಮ್ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ನನ್ನ ಬಗ್ಗೆ ಕಣ್ಣೀರು ಹಾಕಿದವರೇ. ಹದಿನೈದು ದಿನ ನಾದಿನಿ ಬಂದು ಅಡುಗೆ ಮಾಡಿದಳು. ಅವಳು ಹೋದ ಮೇಲೆ ನಮ್ಮನೆಯವರು ಬಹಳ ಕಾಳಜಿಯಿಂದ ಹೇಳಿದರು, "ನೀನು ನಿನಗೆ ಬೇರೆ ಮಾಡಿಕೊ." ಎಷ್ಟು ಸಲೀಸು ನೋಡಿ! ಇದೇ ಹೃದಯಾಘಾತ ಅವರಿಗೆ ಆಗಿದ್ದರೆ ಅವರಿಗೆ ಬೇರೆ ಅಡುಗೆ ನಾನು ಮಾಡುತ್ತಿದ್ದೆ. ನನಗೆ ಆದರೂ ಬೇರೆ ಅಡುಗೆ ನಾನೇ ಮಾಡಬೇಕು. ಹಾಗಾಗಿ ಒಂದು ಒಲೆಯ ಮೇಲೆ ಅವರಿಗೆ ಮೆಣಸಿನಕಾಯಿ ಬೋಂಡ, ಇನ್ನೊಂದರ ಮೇಲೆ ನನಗೆ ಬೇಯಿಸಿದ ಹುರುಳಿಕಾಯಿ. ಮುಂಚೆ ಒಂದು ಅಡುಗೆ ಇದ್ದ ಮನೆಯಲ್ಲಿ ಈಗ ಎರಡು. ವಿಶ್ರಾಂತಿ ಬೇಕಾದವಳಿಗೆ ಕೆಲಸ ಇಮ್ಮಡಿ.

ಆ ದಿನಗಳಲ್ಲಿ ನನಗೆ ಅಳು ಬಹಳ. ಲೋಟ ಜಾರಿ ಬಿದ್ದರೆ ಅಳು, ಹಾಲು ಉಕ್ಕಿದರೆ ಅಳು. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ದಿಂಬಿನಲ್ಲಿ ಎದೆಬಡಿತ ಕೇಳಿಸುತ್ತಿತ್ತು. ಇನ್ನೊಂದು ಸಲ ಬಂದರೆ ಅಂತ ಎಣಿಸುತ್ತ ಬೆಳಗು ಮಾಡುತ್ತಿದ್ದೆ. ಮುಂದಿನ ತಪಾಸಣೆಯಲ್ಲಿ ಡಾಕ್ಟರು, ಹೃದಯಾಘಾತವಾದವರಿಗೆ ಈ ಮಂಕು ಕವಿಯುವುದು ಸಾಮಾನ್ಯ, ಮುಚ್ಚಿಡಬೇಡಿ, ಅದಕ್ಕೂ ಚಿಕಿತ್ಸೆ ಇದೆ ಅಂದರು. ಅಷ್ಟು ಕೇಳಿಯೇ ಅರ್ಧ ಹಗುರಾಯಿತು. ನನಗೇನೋ ಗಾಳಿ ಸೋಕಿದೆ ಅಂತ ಎದುರುಮನೆಯ ಅಕ್ಕ ಆಗಲೇ ನಿಂಬೆಹಣ್ಣು ನಿವಾಳಿಸಿದ್ದರು.

ಬದಲಾವಣೆ ತಂದವರು ಯಾರು ಗೊತ್ತೆ? ಎಪ್ಪತ್ತೆರಡು ವರ್ಷದ ನಮ್ಮತ್ತೆ. ಒಂದು ಸಂಜೆ ಬೋಂಡದ ಬಾಣಲಿ ಮುಂದೆ ಬೆವರುತ್ತ ನಿಂತಿದ್ದೆ. ಅತ್ತೆ ಗೋಡೆಯ ಹಾಳೆ ತೋರಿಸಿ, "ಅದ್ರಲ್ಲಿ ಏನ್ ಬರೆದವ್ರೆ ಓದು" ಅಂದರು. ಓದಿದೆ. ಎಣ್ಣೆ ಇಷ್ಟು, ಉಪ್ಪು ಇಷ್ಟು, ನಿದ್ದೆ ಇಷ್ಟು, ಭಾರ ಎತ್ತಬಾರದು, ಕೋಪತಾಪ ಕೂಡದು. ಪೂರ್ತಿ ಕೇಳಿ, "ಇದು ಬಾಣಂತನ ಕಣಮ್ಮಾ! ಬಾಣಂತೀನ ಒಲೆ ಮುಂದೆ ನಿಲ್ಲಿಸ್ತಾರಾ ಯಾರಾದ್ರೂ?" ಅಂದವರೇ ಬಾಣಲಿ ಇಳಿಸಿಬಿಟ್ಟರು. ನಮ್ಮನೆಯವರಿಗೂ ಮಗನಿಗೂ ಕೇಳುವ ಹಾಗೆ ತೀರ್ಪು ಕೊಟ್ಟರು: "ಮೂರು ತಿಂಗಳು ಈ ಮನೇಲಿ ಒಂದೇ ಅಡ್ಗೆ. ಅವಳ ಪಥ್ಯವೇ ಎಲ್ರಿಗೂ."

ಹೋಲಿಕೆ ಕೇಳಿ ನನಗೆ ನಗು ಬಂತು. ಆ ಬಾಣಂತನದಲ್ಲಿ ತುಪ್ಪ ಗಂಟಲ ತನಕ, ಈ ಬಾಣಂತನದಲ್ಲಿ ತುಪ್ಪದ ಡಬ್ಬಿಯ ಮುಖ ನೋಡುವಂತಿಲ್ಲ. ಅದರಲ್ಲಿ ಹಾಸಿಗೆ ಬಿಟ್ಟು ಏಳಕೂಡದು, ಇದರಲ್ಲಿ ಎದ್ದು ನಡೆಯದಿದ್ದರೆ ಬೈಗುಳ. ಆದರೆ ಅತ್ತೆ ಹಿಡಿದ ತಿರುಳು ಸರಿಯಾಗಿತ್ತು. ಬಾಣಂತನ ಎಂದರೆ ಒಬ್ಬಳಿಗಾಗಿ ಮನೆ ತನ್ನ ದಾರಿ ಬದಲಿಸುವುದು.

ಆಮೇಲೆ ಲೆಕ್ಕ ಹಾಕಿದೆವು. ಐದು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು. ಆಹಾರತಜ್ಞೆ ಹೇಳಿದ್ದು ತಲೆಗೆ ಅರ್ಧ ಲೀಟರ್. ಎರಡೂವರೆ ಲೀಟರ್ ತಂದು ಮುಗಿದರೆ ಮುಗಿಯಿತು ಅಂತ ಅತ್ತೆ ಹಟ ಹಿಡಿದರು. ಮೊದಲ ತಿಂಗಳು ಇಪ್ಪತ್ತನೇ ತಾರೀಖಿಗೇ ಖಾಲಿ, ಆಮೇಲೆ ಹತ್ತು ದಿನ ಒಗ್ಗರಣೆಯ ಚಿಟಪಟವಿಲ್ಲದ ಮೌನ. ಕರಿದ ಎಣ್ಣೆಯನ್ನು ಸೋಸಿಟ್ಟು ಮತ್ತೆ ಕಾಯಿಸುವ ನಮ್ಮೆಲ್ಲರ ಜಾಣತನಕ್ಕೂ ಅಲ್ಲೇ ಕೊನೆ. ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅಂದರೆ ಒಂದು ಟೀ ಚಮಚ. ಅದರೊಳಗೇ ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಎಲ್ಲ ಬರಬೇಕು. ಮಾವಿನಮಿಡಿಯ ಜಾಡಿಯನ್ನು ನಾನೇ ಎತ್ತಿ ನಾದಿನಿಗೆ ಕೊಟ್ಟೆ. ಕೊಡುವಾಗ ಎದೆ ನೋಯಲಿಲ್ಲ ಅಂದರೆ ಸುಳ್ಳಾದೀತು.

ನಮ್ಮ ಸೀಮೆಯ ಊಟ ಅಷ್ಟೇನೂ ಕೆಟ್ಟದ್ದಲ್ಲ ಅಂತ ಆಗ ತಿಳಿಯಿತು. ರಾಗಿಮುದ್ದೆ, ಬಸ್ಸಾರು, ಹುರುಳಿಕಾಳು, ದಂಟಿನಸೊಪ್ಪು ಇವೆಲ್ಲ ಹಾಳೆಯಲ್ಲಿ ಗೆದ್ದು ಬಂದವು. ಸಾರಿಗೆ ರುಬ್ಬುವ ಕಾಯಿ ಮಾತ್ರ ಅರ್ಧಕ್ಕಿಳಿಯಿತು. ಸೋತಿದ್ದು ರಾತ್ರಿಯ ಅನ್ನದ ರಾಶಿ, ಭಾನುವಾರ ಕ್ಯಾತ್ಸಂದ್ರಕ್ಕೆ ಹೋಗಿ ತಿನ್ನುತ್ತಿದ್ದ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆ. ಇಡ್ಲಿಯದೇನೂ ತಪ್ಪಿಲ್ಲ ಪಾಪ.

ಇನ್ನು ನಡಿಗೆ. ಮೊದಲು ಮನೆಯೊಳಗೆ ಐದೈದು ನಿಮಿಷ, ಆಮೇಲೆ ಹತ್ತು, ಹಾಗೇ ಏರಿಸುತ್ತ ಅರ್ಧ ಗಂಟೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಅಂದಿದ್ದರು. ಆದರೆ ದಾಬಸ್‌ಪೇಟೆಯಲ್ಲಿ ಹೆಂಗಸು ಎಲ್ಲಿ ನಡೆಯಬೇಕು? ಹೆದ್ದಾರಿಯಲ್ಲಿ ಲಾರಿ, ದೊಡ್ಡಬಳ್ಳಾಪುರದ ಕಡೆ ಹೊರಟರೆ ಕಂಟೇನರು, ಒಳಬೀದಿಯಲ್ಲಿ ನಾಯಿ. ಇವೆಲ್ಲಕ್ಕಿಂತ ಕಷ್ಟ ಒಂದೇ ಪ್ರಶ್ನೆ: "ಎಲ್ಲಿಗೆ ಹೊರಟ್ರಿ?" ಗಂಡಸು ಸುಮ್ಮನೆ ನಡೆದರೆ ವಾಕಿಂಗು, ಹೆಂಗಸು ಸುಮ್ಮನೆ ನಡೆದರೆ ಮನೆಯಲ್ಲಿ ಜಗಳ ಅಂತ ಅರ್ಥ! ಅದಕ್ಕೆ ಕೈಯಲ್ಲಿ ಒಂದು ಖಾಲಿ ಚೀಲ ಹಿಡಿದು ಹೊರಡುತ್ತಿದ್ದೆ. ತರಕಾರಿಗೆ ಅಂದರೆ ಯಾರೂ ಮುಂದೆ ಕೇಳರು. ಎರಡು ತಿಂಗಳು ಆ ಚೀಲ ಶಾಲೆಯ ಮೈದಾನ ಸುತ್ತಿತು. ಆಮೇಲೆ ಎದುರುಮನೆಯ ಅಕ್ಕ ಜೊತೆಯಾದರು, ಅವರ ಓರಗಿತ್ತಿ ಬಂದರು, ಈಗ ಏಳು ಜನ. ಚೀಲ ಬಿಟ್ಟಿದ್ದೇವೆ.

ನೋಡಲು ಬಂದವರ ಔಷಧಿಗಳ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ. ಒಬ್ಬರು ಶುಂಠಿ, ಬೆಳ್ಳುಳ್ಳಿ, ನಿಂಬೆರಸ ಕುದಿಸಿದ ಬಾಟಲಿ ತಂದು, ಇದು ಕುಡಿದರೆ ಬ್ಲಾಕ್ ಕರಗುತ್ತೆ, ಮಾತ್ರೆ ಎಸೆದುಬಿಡಿ ಅಂದರು. ಇನ್ನೊಬ್ಬರು ಅರ್ಜುನ ಮರದ ತೊಗಟೆ. ಬೆಳ್ಳುಳ್ಳಿಯನ್ನು ಸಾರಿಗೆ ಹಾಕಿದೆ, ಮಾತ್ರೆ ಎಸೆಯಲಿಲ್ಲ. ತುಮಕೂರು ರಸ್ತೆಯಲ್ಲೇ ಇರುವ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯಕ್ಕೆ ಹೋಗಿ ಬಾ ಅಂದವರೂ ಇದ್ದರು. ಒಳ್ಳೆಯದೇ, ಆದರೆ ವಾಪಸು ಬರುವುದು ಇದೇ ಒಲೆಗಲ್ಲವೆ?

ಬದುಕಿನ ರೀತಿ ಬದಲಿಸಿ ಹೃದಯ ಸುಧಾರಿಸಬಹುದು ಎನ್ನುವುದು ಬರೀ ಬಾಯಿಮಾತೇ ಅಂತ ನನಗೂ ಅನುಮಾನವಿತ್ತು. ಮಗಳು ಹುಡುಕಿ ಓದಿ ಹೇಳಿದಳು. ಅಮೆರಿಕದ ಡಾಕ್ಟರ್ ಡೀನ್ ಆರ್ನಿಶ್ 1990ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಹಳ ಕಡಿಮೆ ಕೊಬ್ಬಿನ ಸಸ್ಯಾಹಾರ, ನಡಿಗೆ, ಯೋಗ, ಬೀಡಿ-ಸಿಗರೇಟಿಗೆ ವಿದಾಯ. ಒಂದು ವರ್ಷ ಹೀಗೆ ಬದುಕಿದವರಲ್ಲಿ ಹೆಚ್ಚಿನವರ ರಕ್ತನಾಳ ಸ್ವಲ್ಪ ಅಗಲವಾಗಿತ್ತು. ಅವರಿಗೆ ಯೋಗ ಕಲಿಸಿದ ಗುರು ತಮಿಳುನಾಡಿನ ಸ್ವಾಮಿ ಸಚ್ಚಿದಾನಂದರು. ಅಧ್ಯಯನ ಚಿಕ್ಕದು, ಐವತ್ತು ಜನರೂ ಇರಲಿಲ್ಲ, ಹೆಂಗಸರಂತೂ ಬೆರಳೆಣಿಕೆ. ನನಗೆ ಮೊದಲು ಹೊಳೆದ ಪ್ರಶ್ನೆಯೆಂದರೆ, ಆ ಗಂಡಸರಿಗೆ ಅಷ್ಟೊಂದು ಪಥ್ಯದಡುಗೆ ಮಾಡಿ ಹಾಕಿದವರು ಯಾರು?

2004ರಲ್ಲಿ 52 ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಹೊರಬಂತು. ಅದರ ಮುಂದಾಳು ಸಲೀಂ ಯೂಸುಫ್ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಕೊಬ್ಬು, ತಂಬಾಕು, ಬಿ.ಪಿ., ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಸಂಗತಿಗಳೇ ಮೊದಲ ಹೃದಯಾಘಾತದ ನೂರಕ್ಕೆ ತೊಂಬತ್ತರಷ್ಟು ಹೊಣೆ ಹೊರುತ್ತವೆ ಎಂದು ಅದು ಹೇಳಿತು. ನಮ್ಮ ದೇಶದ್ದೇ ಇನ್ನೊಂದು ಇದೆ. 24 ಆಸ್ಪತ್ರೆಗಳ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದದ್ದು. ಹೃದಯಾಘಾತದ ನಂತರ ಯೋಗ ಕಲಿತವರು ತಮ್ಮ ಮೊದಲಿನ ಕೆಲಸಗಳಿಗೆ ಹೆಚ್ಚು ಚೆನ್ನಾಗಿ ಮರಳಿದರು, ಆದರೆ ಸಾವು ಅಥವಾ ಇನ್ನೊಂದು ಆಘಾತ ಖಂಡಿತ ಕಡಿಮೆಯಾಯಿತು ಅಂತ ಸಾಬೀತಾಗಲಿಲ್ಲ. ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನಗೆ ಹಿಡಿಸಿತು. ಶವಾಸನ ಮಾಡುತ್ತೇನೆ, ಮಾತ್ರೆಯನ್ನೂ ನುಂಗುತ್ತೇನೆ.

ಮೂರು ತಿಂಗಳ ತೀರ್ಪು ಆರು ತಿಂಗಳಾಯಿತು, ವರ್ಷವಾಯಿತು. ನನ್ನ ತೂಕ 71ರಿಂದ 64ಕ್ಕೆ ಇಳಿಯಿತು. ಕೆಟ್ಟ ಕೊಬ್ಬು ಡಾಕ್ಟರು ಹೇಳಿದ ಗೆರೆಯ ಕೆಳಗೆ ಬಂತು. ತಮಾಷೆಯೆಂದರೆ ನಮ್ಮನೆಯವರ ಬಿ.ಪಿ.ಯೂ ಇಳಿದು, ಈಗ ಅವರೇ ನೆಂಟರ ಮುಂದೆ ಉಪ್ಪಿನ ಭಾಷಣ ಮಾಡುತ್ತಾರೆ. ಮಗ ಮಾತ್ರ ಹೊರಗೆ ಎಲ್ಲೋ ಬೋಂಡ ತಿಂದು ಬರುತ್ತಾನೆ. ಕೈ ಮೂಸಿದರೆ ಗೊತ್ತಾಗುತ್ತದೆ.

ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, 2025ರ ಸಂಕ್ರಾಂತಿಯ ಜನಜಂಗುಳಿ ಕಳೆದ ಒಂದು ಸೋಮವಾರ ಶಿವಗಂಗೆಗೆ ಹೋದೆವು. ತುದಿಯ ನಂದಿಯ ತನಕ ಅಲ್ಲ, ಗಂಗಾಧರೇಶ್ವರನ ಗುಡಿಯ ತನಕ. ಮೆಟ್ಟಿಲು ಹತ್ತುವಾಗ ನಾನು ನಿಂತಿದ್ದಕ್ಕಿಂತ ಹೆಚ್ಚು ಸಲ ಅತ್ತೆ ನಿಂತರು. ಅಲ್ಲಿ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಎಂಬುದು ನೀವೂ ಕೇಳಿರುತ್ತೀರಿ. ನನಗೆ ಅದು ಹೊಸ ಪವಾಡವೇನಲ್ಲ, ಐವತ್ತು ವರ್ಷ ತಿಂದ ತುಪ್ಪ ನನ್ನ ರಕ್ತನಾಳದಲ್ಲೂ ಹಾಗೇ ಗಟ್ಟಿಯಾಗಿ ಕೂತಿತ್ತಲ್ಲ! ಅತ್ತೆ ಮನೆಯಿಂದ ತಂದ ತುಪ್ಪವನ್ನು ಅರ್ಚಕರ ಕೈಗೆ ಕೊಟ್ಟರು. ಅಭಿಷೇಕ ಮುಗಿಯಿತು. ಅರ್ಚಕರು ಬೆಣ್ಣೆಯ ಪ್ರಸಾದ ಹಿಡಿದು ಬಂದಾಗ ನಾನು ಭಕ್ತಿಯಿಂದ ಕೈ ಚಾಚಿದೆ. ಅತ್ತೆ ಅಡ್ಡ ಬಂದು ತಮ್ಮ ಕೈ ಒಡ್ಡಿದರು.

"ಅವಳಿಗೆ ಹೂವು ಕೊಡಿ ಸ್ವಾಮಿ, ಬಾಣಂತಿ."

ಅರ್ಚಕರು ನನ್ನ ನರೆತ ತಲೆಯನ್ನೂ ಅತ್ತೆಯ ಮುಖವನ್ನೂ ಒಮ್ಮೆ ನೋಡಿದರು. ಏನೂ ಕೇಳದೆ ಒಂದು ದಾಸವಾಳ ಕೊಟ್ಟರು.